ಹಾಸಿಗೆಯಿಂದ ಹಾಸಿಗೆಗೆ

ಮಾನ್ಯ ಅಧ್ಯಕ್ಷರೇ, ಈ ವಿಚಾರಸಂಕಿರಣವು ಬೆಂಗಳೂರಿನಲ್ಲಲ್ಲ, ಚಳ್ಳಕೆರೆಯಲ್ಲಿಯೇ ನೆರೆಯಬೇಕೆಂದು ಪಟ್ಟುಹಿಡಿದ ಸಂಘಟಕ ಮಿತ್ರರೇ, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗಗಳಿಂದ ಬಿಸಿಲನ್ನು ಲೆಕ್ಕಿಸದೆ ಬಂದಿರುವ ವೈದ್ಯಬಂಧುಗಳೇ, ಶುಶ್ರೂಷಕಿಯರೇ, ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಕುಳಿತಿರುವ ಆಂಬುಲೆನ್ಸ್ ಚಾಲಕರೇ,

ಇಲ್ಲಿಂದ ಹೆಚ್ಚು ದೂರವಲ್ಲದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಲೋಕಕ್ಕೆ ತಿಳಿಯಪಡಿಸಿದರು. ಮೊಳಕಾಲ್ಮೂರು ಸೀಮೆಯ ಅತಿ ಪ್ರಾಚೀನವಾದ ಈ ಬರಹದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ರಾಜಾಜ್ಞೆಯನ್ನು ತಿಳಿಸುವುದಕ್ಕೆ ಮುನ್ನ ಅವರ ಆರೋಗ್ಯವನ್ನು ವಿಚಾರಿಸುತ್ತಾರೆ. ಆಜ್ಞೆ ಆಮೇಲೆ, ಆರೋಗ್ಯ ಮೊದಲು. ವೃತ್ತಿಯ ಮೊದಲ ದಿನಗಳಲ್ಲಿ ಮೊಳಕಾಲ್ಮೂರಿನಲ್ಲಿ ಕೆಲಸಮಾಡುತ್ತಿದ್ದಾಗ ಈ ಸಂಗತಿಯನ್ನು ಶಾಲೆಯ ಉಪಾಧ್ಯಾಯರೊಬ್ಬರಿಂದ ಕೇಳಿದ ನಾನು, ಅಂದಿನಿಂದ ಇಂದಿನವರೆಗೆ ಅದನ್ನು ಮರೆತವನಲ್ಲ.

ಆ ಕಾಲದಲ್ಲಿ ಇಲ್ಲಿಯ ರೋಗಿಗಳು ಶೇಂಗಾ ಲಾರಿಗಳಲ್ಲಿ, ಮೂಟೆಗಳ ಮೇಲೆ ಕಂಬಳಿ ಹಾಸಿ ಮಲಗಿ, ಬಳ್ಳಾರಿಗೋ ದಾವಣಗೆರೆಗೋ ಹೋಗುತ್ತಿದ್ದರು. 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾದ ಮೇಲೆ ಆ ಸ್ಥಿತಿ ಬಹುಮಟ್ಟಿಗೆ ಮಾರ್ಪಟ್ಟಿತು. ಈಗ ರೋಗಿಯನ್ನು ಒಯ್ಯುವ ವಿಮಾನದ ಕಾಲ ಬಂದಿದೆ. ಹೊಲ ಮಾರಿಯಾದರೂ ಸರಿ, ವಿಮಾನ ತರಿಸಿ ಎಂದು ಕೇಳುವ ಮಕ್ಕಳನ್ನೂ, ಅಂತಹ ಮಕ್ಕಳಿಗೆ ಏನು ಹೇಳಬೇಕೆಂದು ತೋಚದೆ ನಿಂತ ತಾಲ್ಲೂಕು ವೈದ್ಯರನ್ನೂ ನಾನು ಕಂಡಿದ್ದೇನೆ. ಇಂದಿನ ನನ್ನ ಮಾತು ಮುಖ್ಯವಾಗಿ ಆ ಇಬ್ಬರ ನಡುವಿನ ಮೌನವನ್ನು ಕುರಿತದ್ದು.

ಎತ್ತರದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬ ಶಾಸ್ತ್ರಭಾಗವನ್ನು, ಅದರಲ್ಲಿ ನನಗಿಂತ ಹೆಚ್ಚು ಪರಿಶ್ರಮವುಳ್ಳ ಅರಿವಳಿಕೆ ತಜ್ಞ ಮಿತ್ರರು ಮುಂದಿನ ಗೋಷ್ಠಿಯಲ್ಲಿ ನಿರೂಪಿಸುವವರಿದ್ದಾರೆ. ಶಿರೋಘಾತದ ವಿಷಯದಲ್ಲಿ ದಾವಣಗೆರೆಯ ಶಸ್ತ್ರವೈದ್ಯರ ಅನುಭವಕ್ಕೆ ನಾನು ಏನನ್ನೂ ಕೂಡಿಸಲಾರೆ. ಒಂದು ಮಾತು ಮಾತ್ರ. ವಿಮಾನದ ಒಳಗಿನ ಒತ್ತಡವು ಸುಮಾರು 8,000 ಅಡಿ ಎತ್ತರದ ಒತ್ತಡಕ್ಕೆ ಸಮನಾದಾಗ, ದೇಹದೊಳಗೆ ಸಿಕ್ಕಿಬಿದ್ದ ಗಾಳಿಯು ಮೂರರಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ. ಆದ್ದರಿಂದ ಎದೆಗೂಡಿನಲ್ಲಿ ಗಾಳಿ ತುಂಬಿದ ರೋಗಿಗೆ, ವಿಮಾನ ಏರುವುದಕ್ಕೆ ಮೊದಲೇ, ಇಲ್ಲಿಯ ನೆಲದ ಮೇಲೆಯೇ ನಳಿಕೆ ಇಟ್ಟಿರಬೇಕು. ಅದನ್ನು ಇಡುವವರು ಯಾರು? ಚಳ್ಳಕೆರೆಯ ವೈದ್ಯರೋ, ಹಾರಿಬರುವ ವೈದ್ಯರೋ? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಬಿಟ್ಟಿಲ್ಲ.

ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಎಲ್ಲಿ ಎಂಬುದನ್ನು ನಾನು ಸಂಕೋಚವಿಲ್ಲದೆ ಹೇಳಬಯಸುತ್ತೇನೆ. ನಾವು ವಿಮಾನವನ್ನು ಅಳೆದೆವು, ಪ್ರಯಾಣವನ್ನು ಅಳೆಯಲಿಲ್ಲ. ಎಂಜಿನ್ನು ಎಷ್ಟು, ವೇಗ ಎಷ್ಟು, ಒಳಗೆ ವೆಂಟಿಲೇಟರು ಯಾವುದು ಎಂಬ ವಿವರಗಳಲ್ಲಿ ಮನಸ್ಸಿಟ್ಟೆವೇ ಹೊರತು, ರೋಗಿಯು ಒಂದು ಹಾಸಿಗೆಯಿಂದ ಎದ್ದು ಇನ್ನೊಂದು ಹಾಸಿಗೆಯಲ್ಲಿ ಮಲಗುವವರೆಗಿನ ಇಡೀ ಹೊತ್ತನ್ನು ಒಂದೇ ಚಿಕಿತ್ಸೆಯಾಗಿ ಕಾಣಲಿಲ್ಲ. ಚಳ್ಳಕೆರೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರು. ವಿಮಾನದಲ್ಲಿ ಹೋಗಬೇಕಾದರೆ, ವಿಮಾನವು ಬೇರೊಂದು ಊರಿನಿಂದ ಹೊರಟು ವಿಮಾನನಿಲ್ದಾಣವಿರುವ ತೋರಣಗಲ್ಲಿಗೆ ಬರಬೇಕು. ರೋಗಿಯನ್ನು ಉತ್ತರಾಭಿಮುಖವಾಗಿ ಅಲ್ಲಿಯವರೆಗೆ ರಸ್ತೆಯಲ್ಲಿ ಒಯ್ಯಬೇಕು. ಮತ್ತೆ ದಕ್ಷಿಣಕ್ಕೆ ಹಾರಿ ದೇವನಹಳ್ಳಿಯಲ್ಲಿ ಇಳಿದು, ಅಲ್ಲಿಂದ ನಿಮ್ಹಾನ್ಸ್‌ನಂತಹ ಆಸ್ಪತ್ರೆಯನ್ನು ಮುಟ್ಟಲು ಬೆಂಗಳೂರು ನಗರವನ್ನೇ ಹಾಯಬೇಕು. ಆಕಾಶದಲ್ಲಿ ಕಳೆಯುವ ಕಾಲ ಅಲ್ಪ. ಉಳಿದುದೆಲ್ಲವೂ ನೆಲದ ಮೇಲಿನದೇ. ಇಲ್ಲಿಂದ ಬೆಂಗಳೂರಿಗೆ ಸುಸಜ್ಜಿತವಾದ ರಸ್ತೆ ಆಂಬುಲೆನ್ಸ್ ಅನೇಕ ವೇಳೆ ವಿಮಾನಕ್ಕಿಂತ ಮುಂಚೆ ತಲುಪುತ್ತದೆಂಬುದನ್ನು ಮನೆಯವರಿಗೆ ಹೇಳುವ ಧೈರ್ಯ ನಮಗೆ ಬರಬೇಕು. ಚೆನ್ನೈಗೋ ದೆಹಲಿಗೋ ಹೋಗಬೇಕಾದಾಗ ಲೆಕ್ಕ ಬೇರೆ. ಅಲ್ಲಿ ವಿಮಾನವು ನಿಜವಾಗಿ ಪ್ರಾಣಸಖ.

ಚಳ್ಳಕೆರೆ ಬಳಿಯ ರಕ್ಷಣಾ ಪರೀಕ್ಷಾಕ್ಷೇತ್ರದ ಓಡುಹಾದಿಯನ್ನು ನೆನೆಯದೆ ಈ ಊರಿನಲ್ಲಿ ವಿಮಾನದ ಮಾತನಾಡುವುದು ಅಸಾಧ್ಯ. 2017ರಲ್ಲಿ ಉದ್ಘಾಟನೆಗೊಂಡ ಆ ಕ್ಷೇತ್ರದಲ್ಲಿ, 2023ರ ಏಪ್ರಿಲ್ 2ರಂದು, ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಎತ್ತಿ ಬಿಟ್ಟ ಇಸ್ರೋದ ವಾಹನವು ಮನುಷ್ಯನ ಕೈ ಸೋಕದೆ ತಾನಾಗಿ ಬಂದಿಳಿಯಿತು. ಆ ಸುದ್ದಿಯನ್ನು ಕೇಳಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಅದು ರೋಗಿಗಳಿಗಾಗಿ ಕಟ್ಟಿದ ಹಾದಿಯಲ್ಲ. ಅದರ ಶಿಸ್ತೂ ಗೌಪ್ಯವೂ ಗೌರವಾರ್ಹವಾದುವು. ಆದರೂ ದೇಶದ ಪ್ರಯೋಗಗಳಿಗಾಗಿ ತನ್ನ ಅಮೃತಮಹಲ್ ಕಾವಲನ್ನು ಬಿಟ್ಟುಕೊಟ್ಟ ಸೀಮೆಗೆ, ಪ್ರಾಣಾಪಾಯದ ವೇಳೆಯಲ್ಲಿ ಆ ಹಾದಿಯ ಒಂದು ಗಂಟೆಯನ್ನು ಕೇಳುವ ಹಕ್ಕಿದೆಯೇ ಎಂಬುದನ್ನು ಸಂಬಂಧಪಟ್ಟವರು ಮನಸ್ಸಿಟ್ಟು ಯೋಚಿಸಬೇಕೆಂದು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ.

ಆಸ್ಟ್ರೇಲಿಯದಲ್ಲಿ ಜಾನ್ ಫ್ಲಿನ್ ಎಂಬ ಧರ್ಮಬೋಧಕರು 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ವಾಯುವೈದ್ಯಸೇವೆಯನ್ನು ಆರಂಭಿಸಿದಾಗ, ಮೊದಲ ಹಾರಾಟದಲ್ಲಿ ವಿಮಾನ ಹೊತ್ತದ್ದು ರೋಗಿಯನ್ನಲ್ಲ, ವೈದ್ಯರನ್ನು. ವೆಲ್ಚ್ ಎಂಬ ವೈದ್ಯರು ಜೂಲಿಯಾ ಕ್ರೀಕ್‌ನಲ್ಲಿದ್ದ ರೋಗಿಗಳ ಬಳಿಗೆ ತಾವೇ ಹಾರಿಹೋದರು. ಒಂಟಿಮನೆಗಳಿಂದ ಕರೆ ಬಾರದಿದ್ದರೆ ವಿಮಾನವಿದ್ದೂ ವ್ಯರ್ಥವೆಂದು ಅರಿತಿದ್ದುದರಿಂದ, ಕಾಲಿನಿಂದ ತುಳಿದು ನಡೆಸುವ ರೇಡಿಯೋವನ್ನು ಟ್ರೇಗರ್ ಎಂಬುವರು 1929ರ ಹೊತ್ತಿಗೆ ಸಿದ್ಧಪಡಿಸಿದರು. ವಿದ್ಯೆಯನ್ನು ಹಾಸಿಗೆಯ ಬಳಿಗೆ ಒಯ್ಯುವ ಉಪಾಯವಾಗಿ ಹುಟ್ಟಿದ ಸೇವೆಯು ಹಾಸಿಗೆಯನ್ನು ವಿದ್ಯೆಯ ಬಳಿಗೆ ಹೊರುವುದೇ ಸರ್ವಸ್ವವೆಂದು ಭಾವಿಸತೊಡಗಿದ್ದು ನಮ್ಮ ಕಾಲದ ವಿಪರ್ಯಾಸ. ಶೇಂಗಾ ಹೊಲದಂಚಿನ ಮನೆಯಲ್ಲಿ ಕಟ್ಟುಹಾವು ಕಚ್ಚಿದ ಹುಡುಗನನ್ನು ತಂದ ತಂದೆಯೊಬ್ಬ ಹೆಲಿಕಾಪ್ಟರಿಗಾಗಿ ನನ್ನ ಕೈ ಹಿಡಿದು ಅತ್ತಾಗ, ಆ ಹುಡುಗನಿಗೆ ಬೇಕಾಗಿದ್ದುದು ಪ್ರತಿವಿಷ, ಮತ್ತು ಸೋಲುತ್ತಿದ್ದ ಉಸಿರನ್ನು ರಾತ್ರಿಯೆಲ್ಲ ನಡೆಸಿಕೊಡುವ ಎರಡು ಕೈಗಳು. ಅವೆರಡೂ ಆ ಆಸ್ಪತ್ರೆಯಲ್ಲಿಯೇ ಇದ್ದುವು. ಹುಡುಗ ಉಳಿದ.

ಇನ್ನೊಂದು ಘಟನೆ ಹಾಗೆ ಮುಗಿಯಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ನೇಕಾರರೊಬ್ಬರಿಗೆ ತಲೆಗೆ ಪೆಟ್ಟಾಗಿ, ಬಂಧುಗಳು ಹಣ ಕೂಡಿಸಿ, ಫೋನಿನಲ್ಲಿಯೇ ಒಂದು ಸೇವೆಯನ್ನು ಗೊತ್ತುಮಾಡಿದರು. ರಸ್ತೆಯ ಆಂಬುಲೆನ್ಸಿನಲ್ಲಿ ನಾನೂ ಜತೆಗೆ ಹೋದೆ. ವಿಮಾನನಿಲ್ದಾಣದ ಹೊರಗೆ ನಾವು ನಿಂತೆವು, ವಿಮಾನ ಬಂದಿರಲಿಲ್ಲ. ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರು ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಅದು ಎರಡೂವರೆ ಗಂಟೆ. ಆ ಗಂಟೆಗಳು ಮುಗಿಯುತ್ತಾ ಬಂದುವು. ಫೋನಿನಲ್ಲಿ ಸಿಕ್ಕಿದ ಹಾರುವ ವೈದ್ಯರು, ರೋಗಿ ವಿಮಾನ ಏರುವವರೆಗೆ ತಮ್ಮವರಲ್ಲವೆಂದರು. ಕಳುಹಿಸಿದ ಆಸ್ಪತ್ರೆಯವರು, ಸಹಿ ಹಾಕಿ ಕಳುಹಿಸಿದ ಮೇಲೆ ತಮ್ಮವರಲ್ಲವೆಂದರು. ಚಾಲಕನೂ ನಾನೂ ಸರದಿಯ ಮೇಲೆ ಆಂಬು ಚೀಲವನ್ನು ಒತ್ತುತ್ತಾ ಕುಳಿತೆವು. ನಾಲ್ಕು ದಿನಗಳ ಅನಂತರ ಆ ನೇಕಾರರು ತೀರಿಕೊಂಡರು. ಆ ವಿಳಂಬದಿಂದಲೇ ತೀರಿಕೊಂಡರೆಂದು ಹೇಳಲು ನನ್ನಲ್ಲಿ ಪ್ರಮಾಣವಿಲ್ಲ. ಆದರೆ ಆ ನಡುವಿನ ಹೊತ್ತಿನಲ್ಲಿ ಅವರು ಯಾರ ರೋಗಿಯಾಗಿದ್ದರು ಎಂಬುದಕ್ಕೆ ಉತ್ತರ ನನಗೆ ಇಂದಿಗೂ ದೊರೆತಿಲ್ಲ.

ಸೇವೆಯನ್ನು ಆರಿಸುವುದು ಹೇಗೆಂದು ಮನೆಯವರು ಕೇಳಿದಾಗ ನಾನು ಈ ಘಟನೆಯಿಂದಲೇ ಆರಂಭಿಸುತ್ತೇನೆ. ಮಾತನಾಡುತ್ತಿರುವವರಿಗೆ ಸ್ವಂತ ವಿಮಾನವೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿಯೂ ಇದೆಯೇ, ಇಲ್ಲವೇ ಅವರು ನಡುವಿನವರೇ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಎರಡೂ ತುದಿಗಳ ರಸ್ತೆ ಆಂಬುಲೆನ್ಸು ಯಾರ ಹೊಣೆ, ಹವೆ ಕೆಟ್ಟು ವಿಮಾನ ಮರಳಿದರೆ ಹಣದ ಗತಿಯೇನು ಎಂಬುದನ್ನು ಬರಹದಲ್ಲಿ ಪಡೆಯತಕ್ಕದ್ದು. ಆದರೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದುದು, ದರದ ಮಾತು ಬರುವ ಮುನ್ನ ಅವರ ವೈದ್ಯರು ನಿಮ್ಮ ವೈದ್ಯರೊಡನೆ ಮಾತನಾಡಬಯಸಿದರೇ ಎಂಬುದನ್ನು. ರೋಗಿಯ ಆರೋಗ್ಯವನ್ನು ಕೇಳದೆ ಊರಿನ ಹೆಸರನ್ನೂ ಹಣವನ್ನೂ ಕೇಳಿದ ಸೇವೆಯನ್ನು ನಾನು ಯಾರಿಗೂ ಸೂಚಿಸಿದವನಲ್ಲ.

ಇಷ್ಟಾದರೂ, ಸಹಿ ಹಾಕುವ ಕೈಗೂ ಸ್ವೀಕರಿಸುವ ಕೈಗೂ ನಡುವಿನ ಹೊತ್ತು ಹಾಗೆಯೇ ಉಳಿದಿದೆ. ಕಳುಹಿಸುವ ವೈದ್ಯರೇ ವಿಮಾನದ ಬಾಗಿಲವರೆಗೆ ಹೋಗಬೇಕೆಂದರೆ, ಒಬ್ಬರೇ ವೈದ್ಯರಿರುವ ಆಸ್ಪತ್ರೆಯಲ್ಲಿ ಉಳಿದ ರೋಗಿಗಳ ಪಾಡೇನು? ಹಾರುವ ವೈದ್ಯರೇ ಹಾಸಿಗೆಯವರೆಗೆ ಬರಬೇಕೆಂದರೆ, ಆ ಹೊತ್ತಿನಲ್ಲಿ ಬಾಗಿಲು ಮುಚ್ಚುವ ನಿಲ್ದಾಣದಿಂದ ವಿಮಾನ ಮತ್ತೆ ಮೇಲೇಳುವುದು ಹೇಗೆ? ಎರಡನೆಯದೇ ಸರಿಯೆಂದು ನನ್ನ ಮನಸ್ಸು ವಾಲುತ್ತದೆ. ಆದರೂ ನಿರ್ಣಯವಾಗಿ ಹೇಳಲಾರೆ. ಅಧ್ಯಕ್ಷರ ಅಪ್ಪಣೆಯಾದರೆ ನನ್ನದೊಂದು ಬಿನ್ನಹ: ಮಧ್ಯಾಹ್ನದ ಗೋಷ್ಠಿಯಲ್ಲಿ ನಮ್ಮ ಪ್ರಬಂಧಗಳಿಗಿಂತ ಮೊದಲು ಹಿಂದಿನ ಸಾಲಿನ ಚಾಲಕರು ಮಾತನಾಡಲಿ. ನಿಲ್ದಾಣದ ಗೇಟಿನ ಹೊರಗೆ ಸಿಲಿಂಡರಿನ ಮುಳ್ಳನ್ನು ನೋಡುತ್ತಾ ಕಾದವರು ಅವರು.