ನೆರಳನ್ನೊಮ್ಮೆ ನೋಡಿಕೊಳ್ಳಿ

ಬಿಸಿಲಲ್ಲಿ ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆಯೇ? ಹಾಗಾದರೆ ಅತಿನೇರಳೆ ಕಿರಣಗಳು ಜೋರಾಗಿವೆ ಎಂದೇ ಲೆಕ್ಕ.

ಕೇಳುಗರೇ, ಬಿಸಿಲಿನ ಸೆಕೆ ಬೇರೆ, ಈ ಕಿರಣ ಬೇರೆ. ಸಾವಿರ ಮೀಟರ್ ಮೇಲೇರಿದರೆ ಅದರ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಚಳಿಗೆ ನಡುಗುವವರ ಕೆನ್ನೆಯೂ ಸುಡಬಹುದು. ತೆಳು ಮೋಡ ಅದನ್ನು ತಡೆಯದು; ಬಸ್ಸಿನ ಕಿಟಕಿ ಗಾಜೂ ಪೂರ್ತಿ ತಡೆಯದು. ಕಪ್ಪು ಮೈಬಣ್ಣದ ಮೆಲನಿನ್ ಒಂದಿಷ್ಟು ಕಾಯುತ್ತದೆ ನಿಜ, ಪೂರ್ತಿಯಾಗಿ ಅಲ್ಲ.

ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ, ಬಯಲುಸೀಮೆಯ ರುಮಾಲು, ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡನ ಹಳೇ ತುಂಬುತೋಳಿನ ಅಂಗಿ: ನನ್ನ ಮಟ್ಟಿಗೆ ಯಾವ ಕ್ರೀಮಿಗಿಂತಲೂ ಇವೇ ಮೇಲು. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚುವವರು ಧಾರಾಳವಾಗಿ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಆದರೆ ಬೆಳ್ಳಗಾಗುವ ಆಸೆಗೆ, ವೈದ್ಯರನ್ನು ಕೇಳದೆ ತರುವ ಸ್ಟೀರಾಯ್ಡ್ ಮುಲಾಮು ಮಾತ್ರ ಬೇಡ. ಅದು ಚರ್ಮವನ್ನೇ ತೆಳುವಾಗಿಸುತ್ತದೆ. ಆಮೇಲೆ ಎಳೆಬಿಸಿಲಿಗೂ ಮುಖ ಉರಿಯತೊಡಗುತ್ತದೆ.