ಮುಂದಾಳು ರಕ್ಷಕನಲ್ಲ
(ಸಂಘದ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇಶದಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಈತನೊಬ್ಬನಿಂದಲೇ ನಾಡು ಉಳಿಯಬೇಕು." ಒಂದೊಂದು ಪಕ್ಷದವರು ಒಬ್ಬೊಬ್ಬರನ್ನು ತೋರಿಸುತ್ತಾರೆ, ಮಾತು ಮಾತ್ರ ಒಂದೇ. ಅದನ್ನು ಕೇಳಿದಾಗ ಕ್ರೈಸ್ತರಾದ ನಾವು ಸ್ವಲ್ಪ ತಡೆದು ನಿಲ್ಲಬೇಕಾಗುತ್ತದೆ. ಏಕೆಂದರೆ ರಕ್ಷಕ ಎಂಬ ಪದವನ್ನು ನಮ್ಮ ಧರ್ಮ ಒಬ್ಬನಿಗಾಗಿ ಕಾದಿರಿಸಿದೆ. ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಆಗುವ ಕೇಡೇನು ಎಂಬುದೇ ಈ ಹೊತ್ತಿನ ವಿಷಯ. ಇದರಲ್ಲಿ ಯಾವ ಪಕ್ಷದ ಪ್ರಚಾರವೂ ಇಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಪದದ ಜಗಳ ಹೊಸದಲ್ಲ. ಇಂದಿನ ತುರ್ಕಿ ದೇಶದ ಪಶ್ಚಿಮದಲ್ಲಿರುವ ಪ್ರಿಯೇನೆ ಎಂಬ ಹಳೆಯ ಪಟ್ಟಣದಲ್ಲಿ ಒಂದು ಶಾಸನ ದೊರೆತಿದೆ. ಅದರ ಕಾಲ ಕ್ರಿ. ಪೂ. 9. ಅದು ರೋಮಿನ ಚಕ್ರವರ್ತಿ ಔಗುಸ್ತನನ್ನು ರಕ್ಷಕನೆಂದು ಹೊಗಳುತ್ತದೆ. ಅವನ ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಯ ಆರಂಭವೆನ್ನುತ್ತದೆ. ಲೂಕನು ಬರೆದ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆಯಿರಿ. ಅದೂ ಔಗುಸ್ತನ ಹೆಸರಿನಿಂದಲೇ ತೊಡಗುತ್ತದೆ. ಆದರೆ ರಕ್ಷಕನೂ ಶುಭವಾರ್ತೆಯೂ ಅಲ್ಲಿ ಅರಮನೆಯಲ್ಲಿ ಕಾಣುವುದಿಲ್ಲ. ಗೋದಲಿಯಲ್ಲಿ ಮಲಗಿಸಿದ ಕೂಸಿನಲ್ಲಿ ಕಾಣುತ್ತವೆ. ಅಂದಿನ ಓದುಗರಿಗೆ ಇದರ ಮೊನೆ ತಾಗದೆ ಇರಲಾರದು.

ಜನ ಒಬ್ಬ ಮನುಷ್ಯನಿಗೆ ಕೈಮುಗಿಯುವುದು ಬರಿಯ ಮೂಢತನದಿಂದಲ್ಲ. ಔಗುಸ್ತನು ಬಹುಕಾಲದ ಅಂತರ್ಯುದ್ಧವನ್ನು ನಿಲ್ಲಿಸಿದ್ದನು. ಶಾಂತಿಯನ್ನು ಉಂಡ ಜನ ಅವನನ್ನು ದೇವರ ಸಾಲಿಗೆ ಏರಿಸಿದರು. ಸತ್ಯವೇದದ ನ್ಯಾಯಸ್ಥಾಪಕರು ಎಂಬ ಗ್ರಂಥದಲ್ಲಿ ಗಿದ್ಯೋನನ ಕಥೆಯೂ ಹೀಗೆಯೇ. ಶತ್ರುಗಳನ್ನು ಓಡಿಸಿದವನಿಗೆ ಜನರು ತಲೆತಲಾಂತರದ ಅರಸುತನವನ್ನು ಕೊಡಲು ಬಂದರು. ಆಳತಕ್ಕವನು ದೇವರೇ ಎಂದು ಹೇಳಿ ಅವನು ಬೇಡವೆಂದನು. ಆದರೆ ಕೊಳ್ಳೆಯಲ್ಲಿ ಸಿಕ್ಕಿದ ಚಿನ್ನದ ಓಲೆಗಳನ್ನು ಕೇಳಿ ಪಡೆದು, ಅವುಗಳಿಂದ ಒಂದು ಏಫೋದನ್ನು ಮಾಡಿಸಿ ತನ್ನ ಊರಿನಲ್ಲಿಟ್ಟನು. ಜನ ಅದಕ್ಕೇ ಪೂಜೆ ಸಲ್ಲಿಸತೊಡಗಿದರು. ಸಿಂಹಾಸನವನ್ನು ಒಲ್ಲೆನೆಂದವನ ಮನೆಗೇ ಅದು ಉರುಲಾಯಿತು. ಯೇಸುಸ್ವಾಮಿಯಾದರೋ, ಐದು ಸಾವಿರ ಮಂದಿಗೆ ಅನ್ನವಿಟ್ಟ ದಿನವೇ ಜನ ತನ್ನನ್ನು ಹಿಡಿದು ಅರಸನನ್ನಾಗಿ ಮಾಡಲಿರುವರೆಂದು ತಿಳಿದು, ಒಬ್ಬನೇ ಬೆಟ್ಟಕ್ಕೆ ಹೊರಟುಹೋದನೆಂದು ಯೋಹಾನನು ಹೇಳುತ್ತಾನೆ. ಹೊಟ್ಟೆ ತುಂಬಿಸಿದ ಉಪಕಾರವನ್ನು ಗದ್ದುಗೆಗೆ ಮೆಟ್ಟಲು ಮಾಡಿಕೊಳ್ಳಲು ಅವನು ಒಪ್ಪಲಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದ ಜನವೇ ಎಡವಿದ್ದನ್ನು ನೋಡಬೇಕಾದರೆ ಜರ್ಮನಿಗೆ ಹೋಗಬೇಕು. ಆ ನಾಡು ಕನ್ನಡಿಗರಿಗೆ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿತ್ತಾದರೂ, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡಕ್ಕೆ ನಿಘಂಟನ್ನು ಕೊಟ್ಟ ಕಿಟೆಲರೂ ಜರ್ಮನರು. ಇಂಥ ಭಕ್ತರನ್ನೂ ಪಂಡಿತರನ್ನೂ ಹೆತ್ತ ನಾಡು 1933ರಲ್ಲಿ ಹಿಟ್ಲರನನ್ನು ಉದ್ಧಾರಕನೆಂದು ಅಪ್ಪಿಕೊಂಡಿತು.

ಅವರ ಕಷ್ಟ ಸುಳ್ಳಲ್ಲ. 1918ರಲ್ಲಿ ಯುದ್ಧದಲ್ಲಿ ಸೋತರು. 1923ರಲ್ಲಿ ನೋಟಿನ ಕಂತೆಗೆ ಒಂದು ರೊಟ್ಟಿ ಬರುವುದೇ ಕಷ್ಟವಾಯಿತು. 1932ರ ಹೊತ್ತಿಗೆ ಸುಮಾರು ಅರವತ್ತು ಲಕ್ಷ ಜನ ಕೆಲಸವಿಲ್ಲದೆ ಕುಳಿತಿದ್ದರು. ಕೈಗೆ ಕೆಲಸ, ನಾಡಿಗೆ ಮಾನ ಕೊಡುವೆನೆಂದು ಬಂದವನನ್ನು ಹಸಿದವರು ಹೇಗೆ ದೂರ ತಳ್ಳಿಯಾರು? 1933ರ ಜನವರಿ 30ರಂದು ಹಿಟ್ಲರನು ಚಾನ್ಸಲರ್ ಆದನು. ಎರಡು ದಿನ ಕಳೆದು, ಫೆಬ್ರವರಿ 1ರಂದು, ಡೀಟ್ರಿಚ್ ಬೊನ್‌ಹೋಫರ್ ಎಂಬ 26 ವರ್ಷದ ತರುಣ ಪಾದ್ರಿ ಬರ್ಲಿನ್ನಿನ ರೇಡಿಯೋದಲ್ಲಿ ಮುಂದಾಳಿನ ವಿಷಯವಾಗಿ ಮಾತನಾಡಿದನು. ಮುಂದಾಳು ತನ್ನ ಅಧಿಕಾರದ ಎಲ್ಲೆಯನ್ನು ತಾನೇ ಜನರಿಗೆ ತಿಳಿಸಬೇಕು. ತನ್ನನ್ನು ವಿಗ್ರಹ ಮಾಡಿಕೊಳ್ಳಲು ಬಿಟ್ಟರೆ ಅವನು ದಾರಿ ತಪ್ಪಿಸುವವನಾಗುತ್ತಾನೆ ಎಂಬುದು ಅವನ ಮಾತಿನ ತಿರುಳು. ಭಾಷಣ ಮುಗಿಯುವ ಮೊದಲೇ ಪ್ರಸಾರ ಕಡಿದುಹೋಯಿತು.

ಮುಂದೆ ನಡೆದದ್ದು ಇನ್ನೂ ದುಃಖದ ಸಂಗತಿ. ಹಿಟ್ಲರನಲ್ಲಿ ದೇವರ ಕೈಯನ್ನೇ ಕಂಡೆವೆನ್ನುವ 'ಜರ್ಮನ್ ಕ್ರೈಸ್ತರು' ಎಂಬ ಪಂಗಡ 1933ರ ಜುಲೈಯಲ್ಲಿ ಪ್ರಾಟೆಸ್ಟೆಂಟ್ ಸಭೆಯ ಚುನಾವಣೆಗಳನ್ನು ಗೆದ್ದಿತು. ಯೆಹೂದಿ ವಂಶದ ಪಾದ್ರಿಗಳು ಸಭೆಯ ಕೆಲಸದಲ್ಲಿರಬಾರದೆಂಬ ನಿಯಮ ಬಂತು. ಯೇಸುವೂ ಅವನ ಅಪೊಸ್ತಲರೂ ಯೆಹೂದ್ಯರೇ ಅಲ್ಲವೆ? ಆ ನಿಯಮದ ಪ್ರಕಾರ ಪೇತ್ರ, ಪೌಲರಿಗೂ ವೇದಿಕೆ ಹತ್ತುವ ಹಕ್ಕಿಲ್ಲ! ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಭವನದಲ್ಲಿ ಸುಮಾರು 20,000 ಜನರೆದುರಿಗೆ ಒಬ್ಬ ಭಾಷಣಕಾರನು ಹಳೆಯ ಒಡಂಬಡಿಕೆಯನ್ನೇ ತೆಗೆದುಹಾಕಬೇಕೆಂದನು. ನಾಯಕನಿಗೆ ತಕ್ಕಂತೆ ದೇವರ ವಾಕ್ಯವನ್ನೇ ಕತ್ತರಿಸುವ ಕಾಲ ಬಂತು.

ಆಗ ಕೆಲವರು ಎಚ್ಚತ್ತರು. 1934ರ ಮೇ 29ರಿಂದ 31ರವರೆಗೆ ಬಾರ್ಮನ್ ಎಂಬ ಊರಿನಲ್ಲಿ ಪಾದ್ರಿಗಳೂ ಸಭಿಕರೂ ಕೂಡಿ ಆರು ಅಂಶಗಳ ಒಂದು ಘೋಷಣೆಯನ್ನು ಅಂಗೀಕರಿಸಿದರು. ಅದನ್ನು ಬರೆಯುವುದರಲ್ಲಿ ಮುಖ್ಯ ಕೈ ಕಾರ್ಲ್ ಬಾರ್ತ್ ಎಂಬ ಪಂಡಿತನದು. ನಾವು ಕೇಳಿ ನಂಬಿ ನಡೆಯಬೇಕಾದದ್ದು ಕ್ರಿಸ್ತನೊಬ್ಬನ ಮಾತನ್ನು. ಬಾಳಿನ ಯಾವ ಮೂಲೆಯಲ್ಲಿಯೂ ನಮಗೆ ಬೇರೆ ಒಡೆಯನಿಲ್ಲ. ನ್ಯಾಯವನ್ನೂ ಶಾಂತಿಯನ್ನೂ ಕಾಯುವುದು ಸರಕಾರಕ್ಕೆ ದೇವರು ಕೊಟ್ಟ ಕೆಲಸ, ಆದರೆ ಮನುಷ್ಯನ ಇಡೀ ಜೀವಕ್ಕೆ ಅದು ಯಜಮಾನನಾಗಕೂಡದು: ಇದು ಅದರ ಸಾರ. ಸರಕಾರ ಬೇಡವೆಂದು ಅವರು ಹೇಳಲಿಲ್ಲ. ಅದರ ಎಲ್ಲೆಯನ್ನು ಗುರುತಿಸಿದರು.

ಬಾರ್ತನು ಬಾನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಸರಕಾರಿ ನೌಕರರೆಲ್ಲ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು 1934ರಲ್ಲಿ ಕಾನೂನಾದಾಗ, ಕ್ರೈಸ್ತನಾಗಿ ತನ್ನಿಂದ ಸಾಧ್ಯವಾದಷ್ಟರ ಮಟ್ಟಿಗೆ ಎಂಬ ಮಾತನ್ನು ಸೇರಿಸದೆ ಪ್ರಮಾಣ ಮಾಡುವುದಿಲ್ಲವೆಂದನು. 1935ರಲ್ಲಿ ಕೆಲಸ ಹೋಯಿತು. ತನ್ನ ಹುಟ್ಟೂರಾದ ಬಾಸೆಲಿಗೆ ಮರಳಿದನು. ಸಂಬಳದ ದಿನವನ್ನು ಕಾಯುವ ನಮ್ಮಂಥವರಿಗೆ, ಒಂದು ವಾಕ್ಯಕ್ಕಾಗಿ ನೌಕರಿಯನ್ನು ಬಿಡುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೊನ್‌ಹೋಫರನು 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗಿನ ಸೆರೆಶಿಬಿರದಲ್ಲಿ ಗಲ್ಲಿಗೇರಿದನು.

ಆದರೆ ಈ ವೀರರ ಕಥೆಯಿಂದಲೂ ನಾವು ಮೈಮರೆಯಬಾರದು. ಬಾರ್ಮನ್ ಘೋಷಣೆ ಸಭೆಯ ಸ್ವಾತಂತ್ರ್ಯದ ಮಾತನ್ನಾಡಿತು. ಬೀದಿಯಲ್ಲಿ ಪೆಟ್ಟು ತಿನ್ನುತ್ತಿದ್ದ ಯೆಹೂದಿ ನೆರೆಯವನ ಹೆಸರನ್ನು ಎತ್ತಲಿಲ್ಲ. ಈ ಕೊರತೆಯನ್ನು ಬಾರ್ತನೇ ಮುಂದೆ ಒಪ್ಪಿಕೊಂಡನು. 1938ರ ನವೆಂಬರಿನಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳು ಉರಿದಾಗ ಹೆಚ್ಚಿನ ಚರ್ಚುಗಳು ಮೌನವಾಗಿದ್ದುವು. ಕೊನೆಗೆ ಸುಮಾರು ಅರವತ್ತು ಲಕ್ಷ ಯೆಹೂದ್ಯರು ಕೊಲೆಯಾದರು. ಮಾರ್ಟಿನ್ ನೀಮೋಲರ್ ಎಂಬ ಪಾದ್ರಿ ಮೊದಲು ಹಿಟ್ಲರನನ್ನು ಸ್ವಾಗತಿಸಿದವನೇ. ಮುಂದೆ ಎದುರುನಿಂತು 1937ರಿಂದ 1945ರವರೆಗೆ ಸೆರೆಯಲ್ಲಿದ್ದನು. ಬಿಡುಗಡೆಯಾದ ವರ್ಷವೇ, ಅಕ್ಟೋಬರಿನಲ್ಲಿ, ಅವನೂ ಇತರ ಮುಖಂಡರೂ ಸ್ಟುಟ್‌ಗಾರ್ಟಿನಲ್ಲಿ ಸಭೆಯ ಅಪರಾಧವನ್ನು ಬಹಿರಂಗವಾಗಿ ಒಪ್ಪಿಕೊಂಡರು.

ಇದರಿಂದ ನಾವು ಕಲಿಯುವುದು ಇದು. ಮುಂದಾಳನ್ನು ರಕ್ಷಕನೆಂದೊಡನೆ ಅವನ ತಪ್ಪು ತಪ್ಪೆನಿಸುವುದಿಲ್ಲ. ಅವನಿಗೆ ಬೇಡವಾದವರು ನಮಗೂ ಬೇಡವಾಗುತ್ತಾರೆ. ದೇವರಿಗೆ ಸಲ್ಲುವ ನಂಬಿಕೆ ಮನುಷ್ಯನ ಕಡೆಗೆ ಹೋದರೆ, ಅದಕ್ಕೆ ಮೊದಲು ಬಲಿಯಾಗುವವನು ದುರ್ಬಲನಾದ ನೆರೆಯವನು.

ಇದು ಕ್ರೈಸ್ತರೊಬ್ಬರ ಮಾತೆಂದು ತಿಳಿಯಬೇಡಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡಕರರು ಇದನ್ನೇ ಎಚ್ಚರಿಸಿದರು: ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧೋಗತಿಗೂ ಸರ್ವಾಧಿಕಾರಕ್ಕೂ ದಾರಿ. ಮಹಾತ್ಮನೆಂಬ ಬಿರುದು ತಮಗೆ ಅನೇಕ ಸಲ ನೋವು ತಂದಿದೆಯೆಂದು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹಾಗಾದರೆ ಮುಂದಾಳುಗಳನ್ನು ತಿರಸ್ಕರಿಸಬೇಕೇ? ಕೂಡದು. ಅಧಿಕಾರಿಗಳಿಗೆ ಮರ್ಯಾದೆ ಕೊಡಿರಿ, ತೆರಿಗೆ ಸಲ್ಲಿಸಿರಿ, ಅರಸರಿಗಾಗಿ ಪ್ರಾರ್ಥಿಸಿರಿ ಎಂದೇ ಪೌಲನು ಕಲಿಸಿದನು. ಪ್ರಾರ್ಥನೆ ಎಂಬುದರಲ್ಲೇ ಮದ್ದಿದೆ. ಯಾರಿಗಾಗಿ ನಾವು ದೇವರನ್ನು ಬೇಡುತ್ತೇವೆಯೋ ಅವನೂ ನಮ್ಮಂತೆಯೇ ದೇವರ ದಯೆ ಬೇಕಾದವನು. ನಾವು ಮತ ಕೊಟ್ಟವನಿಗಾಗಿಯೂ ಮತ ಕೊಡದವನಿಗಾಗಿಯೂ ಹೀಗೆ ಬೇಡಿಕೊಂಡರೆ, ಒಬ್ಬನನ್ನು ಪೂಜಿಸುವುದೂ ಇನ್ನೊಬ್ಬನನ್ನು ದ್ವೇಷಿಸುವುದೂ ತಾನಾಗಿ ತಗ್ಗುತ್ತದೆ.

ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಲು ಮೂರು ಪ್ರಶ್ನೆಗಳು ಸಾಕು. ನಮಗೆ ಪ್ರಿಯನಾದ ಮುಂದಾಳಿನ ಒಂದು ತಪ್ಪನ್ನಾದರೂ ನಾಲ್ಕು ಜನರೆದುರಿಗೆ ಹೇಳಬಲ್ಲೆವೆ? ಅವನ ಹೆಸರಿನಲ್ಲಿ ಯಾವ ನೆರೆಯವನ ಕಣ್ಣೀರನ್ನಾದರೂ ಕಾಣದವರಂತೆ ಇದ್ದೇವೆಯೆ? ಅವನು ಬಂದು ಮಾಡುವನೆಂದು ನಮ್ಮ ಕೈಗೆಟಕುವ ಯಾವ ಕೆಲಸವನ್ನು ಬಿಟ್ಟು ಕುಳಿತಿದ್ದೇವೆ? ಕೂಲಿಯವನ ಅರ್ಜಿಯನ್ನು ಬರೆದುಕೊಡುವುದಕ್ಕೂ, ಚಾಳಿನ ಹುಡುಗರಿಗೆ ಅಕ್ಷರ ಹೇಳಿಕೊಡುವುದಕ್ಕೂ, ಅನ್ಯಾಯ ಕಂಡಲ್ಲಿ ಸಾಕ್ಷಿ ನಿಲ್ಲುವುದಕ್ಕೂ ಯಾವ ಉದ್ಧಾರಕನ ಅವತಾರವೂ ಬೇಕಾಗಿಲ್ಲ.

ಮುಂದಾಳಿಗೆ ಮರ್ಯಾದೆಯೂ ಲೆಕ್ಕ ಕೇಳುವ ಮಾತೂ ಎರಡೂ ಸಲ್ಲಲಿ. ಮೊಣಕಾಲೂರುವುದು ಮಾತ್ರ ದೇವರೆದುರಿಗೆ ಇರಲಿ.