ಗ್ಯಾಲ್ವೆಸ್ಟನ್ ನೋಡಿ ಬಂದು ಮರವಂತೆಗೆ ಫೋನ್ ಮಾಡಿದ್ದು

ಇವತ್ತು ನಾನು ಒಂದು ಸಣ್ಣ ಪ್ರವಾಸದ ಬಗ್ಗೆ ಹೇಳುತ್ತೇನೆ. ಈ ಮಾರ್ಚ್ ತಿಂಗಳ ರಜೆಯಲ್ಲಿ ನಾವು ಐದು ಜನ ಗ್ಯಾಲ್ವೆಸ್ಟನ್‌ಗೆ ಹೋಗಿದ್ದೆವು. ಹ್ಯೂಸ್ಟನ್‌ನಿಂದ ಸುಮಾರು 50 ಮೈಲಿ ಅಷ್ಟೆ. ನಾವಿಬ್ಬರು ಹ್ಯೂಸ್ಟನ್ನಿನವರು, ಇಬ್ಬರು ಡಲ್ಲಾಸ್‌ನಿಂದ ಬಂದಿದ್ದರು, ಒಬ್ಬಳು ಆಸ್ಟಿನ್‌ನವಳು. ಎಲ್ಲರೂ ರಾಜ್ಯೋತ್ಸವದ ನಾಟಕದಲ್ಲಿ ಪರಿಚಯವಾದವರು. ಗೆಳೆಯನ ಅಮ್ಮ ವ್ಯಾನ್ ಓಡಿಸಿದರು. ಅವರದು ಒಂದೇ ಷರತ್ತು: ವ್ಯಾನಿನಲ್ಲಿ ಇಂಗ್ಲಿಷ್ ಮಾತಾಡಿದವರು ಪುಳಿಯೋಗರೆ ಡಬ್ಬಿ ತೊಳೆಯಬೇಕು. ಡಬ್ಬಿ ತೊಳೆದದ್ದು ನಾನೇ.

ಮೊದಲು ಬೊಲಿವರ್‌ಗೆ ಹೋಗುವ ಫೆರ್ರಿ ಹತ್ತಿದೆವು. ಅದಕ್ಕೆ ಟಿಕೆಟ್ ಇಲ್ಲ. ಡಾಲ್ಫಿನ್‌ಗಳನ್ನು ನೋಡಿದೆವು, ಒಂದು ಹಕ್ಕಿ ಗೆಳತಿಯ ಕೈಯಲ್ಲಿದ್ದ ಚಕ್ಕುಲಿಯನ್ನೇ ಎಗರಿಸಿತು. ಆಮೇಲೆ ಸಮುದ್ರದ ಪಕ್ಕದ ದೊಡ್ಡ ಗೋಡೆಯ ಮೇಲೆ ನಡೆದೆವು. ಅಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಒಬ್ಬ ಮನುಷ್ಯ ಹೆಂಡತಿ ಮತ್ತು ಮಗುವನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯನ್ನು ಮೇಲಕ್ಕೆ ಚಾಚಿದ್ದಾನೆ.

1900ರ ಸೆಪ್ಟೆಂಬರ್ 8ರಂದು ಅಲ್ಲಿ ದೊಡ್ಡ ಚಂಡಮಾರುತ ಬಂತು. ಆಗ ಊರಿನ ಅತಿ ಎತ್ತರದ ಜಾಗವೂ 9 ಅಡಿಗಿಂತ ಕಡಿಮೆ ಇತ್ತು. ನುಗ್ಗಿದ ನೀರು 15 ಅಡಿ. ಕನಿಷ್ಠ 6,000 ಜನ ಸತ್ತರು. ಆಮೇಲೆ ಉಳಿದವರು 17 ಅಡಿ ಎತ್ತರದ ಗೋಡೆ ಕಟ್ಟಿದರು. ಅಷ್ಟೇ ಅಲ್ಲ, ಊರನ್ನೇ ಮೇಲಕ್ಕೆ ಎತ್ತಿದರು! 2,000ಕ್ಕೂ ಹೆಚ್ಚು ಕಟ್ಟಡಗಳ ಕೆಳಗೆ ಜ್ಯಾಕ್ ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ ಎತ್ತಿ, ಅಡಿಯಲ್ಲಿ ಮರಳು ತುಂಬಿದರು. ಸೇಂಟ್ ಪ್ಯಾಟ್ರಿಕ್ ಚರ್ಚ್ ಒಂದಕ್ಕೇ 700 ಜ್ಯಾಕ್ ಬೇಕಾದವಂತೆ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನು ಕನ್ನಡ ಕ್ಲಾಸ್ ಬಿಡುತ್ತೇನೆ ಎಂದು ಅಪ್ಪನ ಹತ್ತಿರ ಹಟ ಹಿಡಿದಿದ್ದೆ. "ಇದರಿಂದ ಏನು ಉಪಯೋಗ?" ಎಂದು ಕೇಳಿದ್ದೆ. ಕುಂದಾಪುರದ ಹತ್ತಿರ ಮರವಂತೆಯಲ್ಲಿ ನನ್ನ ಅಮ್ಮಮ್ಮ ಇದ್ದಾರೆ. ಪ್ರತಿ ವಾರ ಫೋನಿನಲ್ಲಿ "ಉಂಡ್ಯಾ ಮಾಣಿ?" ಎಂದು ಕೇಳುತ್ತಾರೆ. ನಾನು "ಹೂಂ ಅಮ್ಮಮ್ಮ" ಎಂದು ಫೋನನ್ನು ಅಮ್ಮನಿಗೆ ಕೊಡುತ್ತಿದ್ದೆ. ಅಷ್ಟೇ ನನ್ನ ಕನ್ನಡ.

ಗ್ಯಾಲ್ವೆಸ್ಟನ್ ನೋಡಿದಾಗ ನನಗೆ ಮರವಂತೆ ನೆನಪಾಯಿತು. ಇಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೊಲ್ಲಿ. ಅಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅವತ್ತು ರಾತ್ರಿ ಎಂಟಕ್ಕೆ, ಊರಲ್ಲಿ ಬೆಳಿಗ್ಗೆ ಆರೂವರೆಗೆ, ನಾನೇ ಫೋನ್ ಮಾಡಿದೆ. "ಸಮುದ್ರ ನೆಲವನ್ನು ತಿನ್ನುತ್ತದೆ" ಎಂದೇನೋ ಹೇಳಿದೆ. ಅಮ್ಮಮ್ಮ ನಕ್ಕು, "ಅದ್ಕೆ ನಾವ್ ಕಡಲ್ಕೊರೆತ ಅಂತ್ ಹೇಳುದ್" ಎಂದರು.

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಅವರು ಮದುವೆಯಾಗಿ ಬಂದಾಗ ಮನೆಯ ಪಡುವಣಕ್ಕೆ ಮೂರು ಸಾಲು ತೆಂಗಿನ ಮರ ಇತ್ತಂತೆ. ಈಗ ಉಳಿದಿರುವುದು ಒಂದೇ ಸಾಲು. ಪ್ರತಿ ಮಳೆಗಾಲದಲ್ಲಿ ಮನೆಯ ಕಾಗದಪತ್ರ, ಅಜ್ಜನ ಫೋಟೊ ಎಲ್ಲ ಒಂದು ಟ್ರಂಕಿಗೆ ಹಾಕಿ ಬಾಗಿಲ ಹತ್ತಿರ ಇಟ್ಟುಕೊಂಡು ಮಲಗುತ್ತಾರೆ. ಅಮ್ಮನಿಗೆ ಗಾಬರಿಯಾದೀತು ಎಂದು ಇಷ್ಟು ವರ್ಷ ಹೇಳಿರಲಿಲ್ಲ.

ನಾನು ಮನೆ ಎತ್ತಿದ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನಿ ಎತ್ತುಕೆ ಯಾರ್ ಬತ್ರ್ ಮಾಣಿ?" ಎಂದರು. ನನಗೆ ಕನ್ನಡದಲ್ಲೂ ಉತ್ತರ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ.

ಫೋನ್ ಇಟ್ಟಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾವ ಟ್ರಂಕ್?" ಎಂದು ಕೇಳಿದಳು. ಅವತ್ತು ನಾವಿಬ್ಬರೂ ತುಂಬಾ ಹೊತ್ತು ಮಲಗಲಿಲ್ಲ. ಮಳೆ ಎಂದು ನಾವು ಯಾವಾಗಲೂ ಡಿಸೆಂಬರ್‌ನಲ್ಲೇ ಊರಿಗೆ ಹೋಗುತ್ತಿದ್ದೆವು. ಈ ಸಲ ಜೂನ್‌ನಲ್ಲಿ ಹೋಗುತ್ತಿದ್ದೇವೆ, ಟಿಕೆಟ್ ಆಗಿದೆ. ಗೋಡೆ ಕಟ್ಟಲು ನಮಗೆ ಬರುವುದಿಲ್ಲ. ಆದರೆ ಅಮ್ಮಮ್ಮ ಆ ಮಳೆಯಲ್ಲಿ ಒಬ್ಬರೇ ಇರಬಾರದು.

ಚಿಕ್ಕ ತರಗತಿಯ ತಮ್ಮ ತಂಗಿಯರೇ, ಫೋನಿನಲ್ಲಿ "ಊಟ ಆಯ್ತು" ಎಂದ ಮೇಲೆ ಇನ್ನೊಂದು ಪ್ರಶ್ನೆ ನೀವೇ ಕೇಳಿ. ತಪ್ಪು ಕನ್ನಡ ಆದರೂ ಪರವಾಗಿಲ್ಲ, ಅವರೇ ಸರಿ ಮಾಡುತ್ತಾರೆ. ಗುರುಗಳೇ, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದುದಕ್ಕೆ ಕ್ಷಮಿಸಿ. ಆದರೂ ನನ್ನನ್ನು ಬಿಡದೆ ಕಲಿಸಿದ್ದಕ್ಕೆ ತುಂಬಾ ಧನ್ಯವಾದಗಳು.